ಕುಬಟೂರಿನಿಂದ ಕೋಡಿಯಮಠದವರೆಗೆ: ಅನ್ನ ನಡೆಸಿದ ಗುಡಿಗಳ ಚರಿತ್ರೆ

ಸೊರಬ ತಾಲ್ಲೂಕಿನ ಆನವಟ್ಟಿಗೆ ಅಂಟಿಕೊಂಡಂತಿರುವ ಕುಬಟೂರು, ಬನವಾಸಿ ನಾಡಿನ ಹಳೆಯ ಊರುಗಳಲ್ಲೊಂದು. ಇಲ್ಲಿನ ಕೋಟಿಪುರದ ಕೈಟಭೇಶ್ವರ ದೇವಾಲಯ ನೋಡಲೆಂದು ವರ್ಷವಿಡೀ ಜನ ಬರುತ್ತಾರೆ. ಬಳಪದ ಕಲ್ಲಿನ ಕಂಬಗಳ ನುಣುಪು ಕಂಡು ಬೆರಗಾಗುತ್ತಾರೆ, ವಿಶಾಲವಾದ ತೆರೆದ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ, ಆಮೇಲೆ ಬನವಾಸಿಗೋ ಬಳ್ಳಿಗಾವಿಗೋ ಹೊರಡುತ್ತಾರೆ. ಈ ಗುಡಿಯ ನೈವೇದ್ಯಕ್ಕೆ ಅಕ್ಕಿ ಯಾವ ಗದ್ದೆಯಿಂದ ಬರುತ್ತಿತ್ತು, ಆ ಗದ್ದೆಗೆ ನೀರು ಯಾವ ಕೆರೆಯದು, ಬೆಂದ ಅನ್ನ ಯಾರ ಎಲೆಗೆ ಬೀಳುತ್ತಿತ್ತು ಎಂದು ಕೇಳುವವರು ಕಡಿಮೆ. ಈ ಲೇಖನ ಹೊರಟಿರುವುದು ಆ ಪ್ರಶ್ನೆಗಳನ್ನು ಹಿಡಿದು.

ಸೊರಬ, ಶಿಕಾರಿಪುರ ಸೀಮೆಯ ಗುಡಿ, ಬಸದಿ, ಮಠಗಳನ್ನು ಶಿಲ್ಪದ ಕಣ್ಣಿನಿಂದ ನೋಡಿ ಬರೆದ ಪುಸ್ತಕಗಳಿಗೆ ಕೊರತೆಯಿಲ್ಲ. ಆದರೆ ಅವು ಕಟ್ಟಿದ ಕಾಲದಲ್ಲಿ ಬೇಸಾಯವನ್ನೂ ಊಟವನ್ನೂ ನಡೆಸಿದ ಸಂಸ್ಥೆಗಳಾಗಿದ್ದವು. ದೇವರಿಗೆ ಕೊಟ್ಟ ಭೂಮಿ, ಭೂಮಿಗೆ ಕಟ್ಟಿದ ಕೆರೆ, ಕೆರೆಯ ನೀರಿಗೆ ಬೆಳೆದ ಭತ್ತ, ಆ ಭತ್ತ ಅನ್ನವಾಗಿ ಹಂಚಿಕೆಯಾಗುವ ಅಡುಗೆಮನೆ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಕಾಲ ಕಳೆದಂತೆ ಕೊಂಡಿಗಳು ಕಳಚಿದವು, ಕಲ್ಲು ಮಾತ್ರ ಉಳಿಯಿತು. ಕಲ್ಲನ್ನು ಜೀರ್ಣೋದ್ಧಾರ ಮಾಡಿದ ನಾವು ಆ ಸರಪಳಿಯನ್ನೂ ಜೋಡಿಸಿಕೊಂಡರೆ ಮಾತ್ರ ಉದ್ಧಾರ ಪೂರ್ತಿಯಾಗುತ್ತದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಕುಪ್ಪಟೂರೆಂಬ ಅಗ್ರಹಾರ

ಶಾಸನಗಳಲ್ಲಿ ಈ ಊರಿನ ಹೆಸರು ಕುಪ್ಪಟೂರು. ಬನವಾಸಿ ಹನ್ನೆರಡು ಸಾವಿರ ಪ್ರಾಂತ್ಯದೊಳಗಿನ ನಾಗರಖಂಡದಲ್ಲಿ ಇದು ಹೆಸರಾಂತ ಅಗ್ರಹಾರ. ಚಂದ್ರಹಾಸನ ಕಥೆಯ ಕುಂತಳನಗರ ಇದೇ ಎಂದು ಜನ ಹೇಳುತ್ತ ಬಂದಿದ್ದಾರೆ. ಕೈಟಭೇಶ್ವರ ದೇವಾಲಯ ಸುಮಾರು 1100ರ ಹೊತ್ತಿನದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಚಕ್ರವರ್ತಿಯಾಗಿದ್ದ ಆ ಕಾಲದಲ್ಲಿ ಹೊಯ್ಸಳರು ಇನ್ನೂ ಚಾಲುಕ್ಯರ ಮಾಂಡಲಿಕರು. ಹೊಯ್ಸಳ ವಿನಯಾದಿತ್ಯನ ಹೆಸರಿನೊಂದಿಗೆ ಈ ಗುಡಿಯನ್ನು ಜೋಡಿಸಿ ಹೇಳುವುದುಂಟು. ಕಟ್ಟಿದ ಶೈಲಿ ಮಾತ್ರ ಕಲ್ಯಾಣ ಚಾಲುಕ್ಯರದು.

ಗುಡಿಗಿಂತ ಸ್ವಲ್ಪ ಮೊದಲಿನ ಒಂದು ಘಟನೆ ಈ ಊರಿನ ಮನೋಧರ್ಮವನ್ನು ಚೆನ್ನಾಗಿ ತೋರಿಸುತ್ತದೆ. 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವನಾಥ ಬಸದಿಯನ್ನು ಮಾಡಿಸಿದಳು. ಪದ್ಮನಂದಿ ಸಿದ್ಧಾಂತದೇವರು ಪ್ರತಿಷ್ಠೆ ನೆರವೇರಿಸಿದರು. ಅಗ್ರಹಾರದ ಬ್ರಾಹ್ಮಣರನ್ನು ರಾಣಿ ಸತ್ಕರಿಸಿದಳು; ಬಸದಿಗೆ ಬ್ರಹ್ಮಜಿನಾಲಯವೆಂಬ ಹೆಸರಾಯಿತು. ಬಸದಿಗೆ ಭೂಮಿಯನ್ನು ಆಕೆ ರಾಜನಿಂದ ಕೇಳಿ ಪಡೆದಳು. ಅಗ್ರಹಾರದ ನಡುವೆ ಜಿನಾಲಯ, ಅದಕ್ಕೆ ಬ್ರಾಹ್ಮಣರ ಒಪ್ಪಿಗೆ, ಅದರ ನಿತ್ಯದ ಖರ್ಚಿಗೆ ಒಂದು ಹಳ್ಳಿಯ ಬೆಳೆ. ಯಾವ ಮತದ ಕಟ್ಟಡವೇ ಆಗಲಿ, ತಳಪಾಯ ಹಾಕುವಾಗಲೇ ಗದ್ದೆಯನ್ನೂ ಗೊತ್ತುಮಾಡುವುದು ಆ ಕಾಲದ ಕ್ರಮ. ಭೂಮಿ ಇಲ್ಲದ ಗುಡಿಯಲ್ಲಿ ದೀಪ ಹತ್ತುವುದಿಲ್ಲ, ಒಲೆಯೂ ಹತ್ತುವುದಿಲ್ಲ ಎಂಬುದು ದಾನ ಕೊಟ್ಟವರಿಗೂ ಪಡೆದವರಿಗೂ ಗೊತ್ತಿತ್ತು.

ದಾನಶಾಸನಗಳನ್ನು ಸಾವಧಾನವಾಗಿ ಓದಿದರೆ ಅವು ಬೇಸಾಯದ ದಫ್ತರದಂತಿವೆ. ಭೂಮಿಯ ಅಳತೆಗೆ ಮತ್ತರು, ಕಮ್ಮ. ಕಾಳಿನ ಅಳತೆಗೆ ಖಂಡುಗ, ಕೊಳಗ. ಗದ್ದೆ ಎಷ್ಟು, ಬೆದ್ದಲು ಎಷ್ಟು, ಅಡಕೆ ತೋಟ ಎಷ್ಟು ಎಂಬ ವಿಂಗಡಣೆ. ಎಲ್ಲೆ ಹೇಳುವಾಗ ಇಂಥ ಹಳ್ಳ, ಇಂಥ ಹುತ್ತ, ಇಂಥ ಮರ, ಇಂಥ ನೆಟ್ಟ ಕಲ್ಲು ಎಂಬ ವಿವರ. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇವತ್ತಿಗೂ ನಿಂತಿದೆ; ಆ ಸೀಮೆಯ ಶಾಸನಗಳಲ್ಲಿ ಭೂಮಿ ಅಳೆಯಲು ಭೇರುಂಡ ಗಳೆಯ ಮಾತು ಬರುತ್ತದೆ. ದೇವರ ಎದುರಿನ ಕಂಬಕ್ಕೂ ರೈತನ ಗದ್ದೆ ಅಳೆಯುವ ಗಳೆಗೂ ಒಂದೇ ಹೆಸರು ಇದ್ದ ನಾಡು ಇದು.

ಮೊದಲು ಕೆರೆ

ಕನ್ನಡ ನಾಡಿನ ಮೊದಲ ರಾಜವಂಶವಾದ ಕದಂಬರ ಚರಿತ್ರೆಗೆ ಮುಖ್ಯ ಆಧಾರ ತಾಳಗುಂದದ ಸ್ತಂಭಶಾಸನ. ಶಿಕಾರಿಪುರ ತಾಲ್ಲೂಕಿನ ಪ್ರಣವೇಶ್ವರ ಗುಡಿಯ ಮುಂದಿರುವ ಈ ಐದನೆಯ ಶತಮಾನದ ಕಂಬವನ್ನು ಮಯೂರಶರ್ಮನ ಕಥೆಗಾಗಿ ಎಲ್ಲರೂ ನೆನೆಯುತ್ತಾರೆ. ಆದರೆ ಕುಬ್ಜ ಕವಿಯ ಆ ಬರಹ ಹುಟ್ಟಿದ್ದಕ್ಕೆ ಕಾರಣ ಒಂದು ಕೆರೆ. ಮಹಾದೇವನ ಗುಡಿಯ ಬಳಿ ಕಾಕುಸ್ಥವರ್ಮ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ; ಅದರ ನೆನಪಿಗೆ ಮಗ ಶಾಂತಿವರ್ಮನ ಕಾಲದಲ್ಲಿ ಈ ಶಾಸನ ಆಯಿತು. ಅಂದರೆ ನಮ್ಮ ರಾಜಚರಿತ್ರೆಯ ಮೊದಲ ಪುಟ ತೆರೆದುಕೊಳ್ಳುವುದೇ ಗುಡಿಯ ಮುಂದಿನ ಕೆರೆಯ ಏರಿಯ ಮೇಲೆ.

ರಾಜ್ಯದಲ್ಲಿ ಅತಿ ಹೆಚ್ಚು ಕೆರೆಗಳಿರುವ ತಾಲ್ಲೂಕುಗಳಲ್ಲಿ ಸೊರಬವೂ ಒಂದು. ಇದಕ್ಕೆ ಕಾರಣ ಇಲ್ಲಿನ ನೆಲದ ರೀತಿ. ಪಶ್ಚಿಮಕ್ಕೆ ಚಂದ್ರಗುತ್ತಿಯ ಗುಡ್ಡ-ಕಾಡು, ಪೂರ್ವಕ್ಕೆ ಸರಿದಂತೆ ಬಯಲು, ನಡುವೆ ಅರೆಮಲೆನಾಡು. ಮಳೆ ಸಾಕಷ್ಟು ಬೀಳುತ್ತದೆ, ಆದರೆ ಮೂರು-ನಾಲ್ಕು ತಿಂಗಳಲ್ಲೇ ಬಿದ್ದು ಮುಗಿಯುತ್ತದೆ. ದಂಡಾವತಿ, ವರದೆ ತುಂಬಿ ಹರಿದುಹೋದ ಮೇಲೆ ಬೇಸಗೆಗೆ ನೀರು ಬೇಕೆಂದರೆ ತಗ್ಗಿಗೆ ಅಡ್ಡಲಾಗಿ ಏರಿ ಹಾಕಲೇಬೇಕು. ಹೀಗೆ ತಗ್ಗಿನುದ್ದಕ್ಕೂ ಒಂದರ ಕೆಳಗೊಂದು ಕೆರೆ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತದೆ. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ಹರಿಯುತ್ತದೆ. ಸರದಿ ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ. ಹೂಳು ತೆಗೆಯಲು, ಏರಿ ಕಟ್ಟಲು, ತೂಬು ಸರಿಪಡಿಸಲು ಬೇಕಾದ ಖರ್ಚಿಗೆ ಬಿತ್ತುವಟ್ಟ, ಕೆರೆಗೊಡಗೆ ಎಂಬ ದತ್ತಿಗಳಿದ್ದವು. ಕೆರೆಯಿಂದ ನೀರುಣ್ಣುವ ಭೂಮಿಯ ಒಂದು ಪಾಲು ಕೆರೆಯ ಆರೈಕೆಗೇ ಮೀಸಲು. ಸಾವಿರ ವರ್ಷ ಹಿಂದಿನವರು ದುರಸ್ತಿಯ ಹಣವನ್ನು ಕೆರೆ ಕಟ್ಟುವಾಗಲೇ ಕಟ್ಟಿಟ್ಟರು. ಇವತ್ತಿನ ಯಾವ ಯೋಜನೆಗೂ ಇದು ಪಾಠ.

ಕೋಡಿಯಮಠದ ಅಡುಗೆಮನೆ

ಈ ಸರಪಳಿಯ ಕೊನೆಯ ಕೊಂಡಿ ಊಟ. ಅದರ ಅತ್ಯುತ್ತಮ ದಾಖಲೆ ಇರುವುದು ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದಲ್ಲಿ. ಕೆರೆಯ ಕೋಡಿಯ ಬಳಿ ಇದ್ದುದರಿಂದ ಅಲ್ಲಿನ ಕಾಳಾಮುಖ ಶೈವರ ಮಠಕ್ಕೆ ಕೋಡಿಯಮಠವೆಂಬ ಹೆಸರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಯತಿಗಳು ತಲೆಮಾರುಗಟ್ಟಲೆ ನಡೆಸಿದ ಸಂಸ್ಥೆ ಅದು. 1162ರಲ್ಲಿ ಕಳಚುರಿ ಬಿಜ್ಜಳ ಬಳ್ಳಿಗಾವಿಗೆ ಬಂದಾಗ ಮಠಕ್ಕೆ ದಾನ ಕೊಟ್ಟ. ಆ ದಾನದ ಶಾಸನ ಮಠದ ದಿನಚರಿಯನ್ನೇ ನಮ್ಮ ಮುಂದೆ ಬಿಚ್ಚಿಡುತ್ತದೆ.

ಆ ಶಾಸನದ ಪ್ರಕಾರ ಅಲ್ಲಿ ನಾಲ್ಕು ವೇದಗಳ ಪಾಠ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ಕಲಿಸುತ್ತಿದ್ದರು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವೂ ಓದಿಗಿತ್ತು. ಪುರಾಣ, ಕಾವ್ಯ, ನಾಟಕಗಳಿಗೂ ಜಾಗವಿತ್ತು. ಇಷ್ಟಾದ ಮೇಲೆ ಶಾಸನ ಊಟದ ಮಾತಿಗೆ ಬರುತ್ತದೆ. ದಿಕ್ಕಿಲ್ಲದ ಬಡವರು, ಕಣ್ಣಿಲ್ಲದವರು, ಕಿವಿ ಕೇಳದವರು, ನಡೆಯಲಾರದವರು ಅಲ್ಲಿ ಉಣ್ಣಬಹುದಿತ್ತು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಅನ್ನವಿತ್ತು. ಜೈನ ಕ್ಷಪಣಕರಿಂದ ಹಿಡಿದು ಏಕದಂಡಿ, ತ್ರಿದಂಡಿ, ಪರಮಹಂಸರವರೆಗೆ ನಾನಾ ಮತದ ಸನ್ಯಾಸಿಗಳಿಗೂ ಪಂಕ್ತಿಯಿತ್ತು. ರೋಗ ಬಿದ್ದ ಅನಾಥರಿಗೆ ಔಷಧೋಪಚಾರ ಸಿಗುತ್ತಿತ್ತು, ಸಕಲ ಜೀವಿಗಳಿಗೂ ಅಭಯವಿತ್ತು. ವಿದ್ಯೆ, ಅನ್ನ, ಔಷಧ, ಅಭಯ ನಾಲ್ಕನ್ನೂ ಒಂದೇ ಮಾಡಿನಡಿ ಕೊಟ್ಟ ಸಂಸ್ಥೆ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿತ್ತು ಎಂಬುದನ್ನು ನಮ್ಮ ಶಾಲೆಯ ಮಕ್ಕಳು ಮೊದಲ ಪಾಠವಾಗಿ ಓದಬೇಕು.

ಕೋಡಿಯಮಠ ಒಂಟಿಯಾಗಿ ನಿಂತ ಉದಾಹರಣೆಯಲ್ಲ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಹೀಗೆ ಐದು ಬಗೆಯ ಮಠಗಳು ಬಳ್ಳಿಗಾವಿಯಲ್ಲಿದ್ದವೆಂದು ಶಾಸನಗಳು ಹೇಳುತ್ತವೆ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದಾಗಲೂ ತಾರಾದೇವಿಯ ಪೂಜೆಯ ಜೊತೆಗೆ ಅಲ್ಲಿದ್ದ ಸನ್ಯಾಸಿಗಳ ಊಟಕ್ಕೆ ಭೂಮಿ ಗೊತ್ತುಮಾಡಿದ. ಅಲ್ಲಮಪ್ರಭು ಹುಟ್ಟಿದ ಊರು ಬಳ್ಳಿಗಾವಿ. ಅಕ್ಕಮಹಾದೇವಿಯ ಉಡುತಡಿ ಅದರ ನೆರೆಯಲ್ಲೇ. ಶರಣರು ಕಾಯಕ-ದಾಸೋಹಗಳನ್ನು ಬದುಕಿನ ತತ್ತ್ವವಾಗಿಸಿದರು. ಎಲೆ ಹಾಕಿ ಎಲ್ಲರಿಗೂ ಬಡಿಸುವ ಅಭ್ಯಾಸ ಮೊದಲೇ ಬೇರುಬಿಟ್ಟಿದ್ದ ಸೀಮೆಯಿಂದ ಅವರಲ್ಲಿ ಕೆಲವರು ಬಂದವರು ಎಂಬುದು ಸಣ್ಣ ಸಂಗತಿಯಲ್ಲ.

ಕೊಂಡಿ ಕಳಚಿದ್ದು

ಹನ್ನೆರಡು-ಹದಿಮೂರನೆಯ ಶತಮಾನಗಳ ವೈಭವ ಆಮೇಲೆ ಇಳಿಯಿತು. ಕಾಳಾಮುಖರು ಮರೆಯಾದರು; ರಾಜಧಾನಿಗಳು ಬೇರೆಡೆಗೆ ಹೋದವು. ಬಳ್ಳಿಗಾವಿ ಹಳ್ಳಿಯಾಯಿತು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ (ಆಳ್ವಿಕೆ 1645–1660) ಬೇಸಾಯವನ್ನು ಮತ್ತೆ ಕ್ರಮಕ್ಕೆ ತಂದ. ಊರೂರಿನಲ್ಲಿ ಬೇರೆ ಬೇರೆ ತರದ ಭೂಮಿಯನ್ನು ಆರಿಸಿ, ವರ್ಷಗಳ ಕಾಲ ಸರ್ಕಾರದ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು ಎಲ್ಲದರ ಲೆಕ್ಕ ಬರೆಸಿದ. ಅದರ ಸರಾಸರಿಯ ಮೇಲೆ ಕಂದಾಯ ನಿಗದಿ ಮಾಡಿದ. ಅದೇ ಪ್ರಸಿದ್ಧವಾದ ಶಿವಪ್ಪನಾಯಕನ ಶಿಸ್ತು. 1801ರಲ್ಲಿ ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬೇಸಾಯದ ವಿವರಗಳನ್ನು ಬರೆದಿಟ್ಟಿದ್ದಾನೆ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಇಂದು ಶಿವಪ್ಪ ನಾಯಕನ ಹೆಸರಿರುವುದು ನ್ಯಾಯವಾಗಿಯೇ ಇದೆ.

ಪರಂಪರೆಯನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಭೂಮಿ ದೇವರದೋ ಒಡೆಯರದೋ ಆಗಿತ್ತು, ದುಡಿಮೆ ಗೇಣಿದಾರನದು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ದೀವರ ಸಮುದಾಯದ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಯ ವಿಚಾರಕ್ಕೇ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಗಿದ್ದು, ಬೆಳೆದವನ ಪಾಲು ಅಷ್ಟಷ್ಟೇ ಸವೆಯುತ್ತಿತ್ತು. ಎಚ್. ಗಣಪತಿಯಪ್ಪನವರ ಮುಂದಾಳತ್ವ, ಶಾಂತವೇರಿ ಗೋಪಾಲಗೌಡರ ಹೋರಾಟ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಇವು ಎಲ್ಲರಿಗೂ ಗೊತ್ತಿರುವ ಚರಿತ್ರೆ. 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಶಾಸನದಲ್ಲಿ ದಾನಿಯ ಹೆಸರಿದೆ, ಯತಿಯ ಹೆಸರಿದೆ. ಗದ್ದೆಯಲ್ಲಿ ನಿಂತು ನಾಟಿ ಮಾಡಿದವಳ ಹೆಸರಿಲ್ಲ. ಇವತ್ತು ನಾವು ಪರಂಪರೆಯನ್ನು ಮತ್ತೆ ಕಟ್ಟುವುದಾದರೆ ಆ ಹೆಣ್ಣುಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡೇ ಕಟ್ಟಬೇಕು.

ಕಲ್ಲು ಉಳಿದ ಬಗೆ

ಗುಡಿಗಳು ಉಳಿಯಲು ಮೊದಲ ಕಾರಣ ಅವುಗಳ ಶಾಸನಗಳನ್ನು ಓದಿದ್ದು. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನು 1902ರಲ್ಲೂ, ಎಂಟನೆಯದರಲ್ಲಿ ಸೊರಬದ ಶಾಸನಗಳನ್ನು 1904ರಲ್ಲೂ ಅಚ್ಚು ಮಾಡಿಸಿದರು. ಅಲ್ಲಿಯವರೆಗೆ ಹೊಲದ ಬದುವಿನಲ್ಲೂ ಕೆರೆಯ ಏರಿಯಲ್ಲೂ ಬಿದ್ದಿದ್ದ ಕಲ್ಲುಗಳಿಗೆ ನಂಬರು ಬಂತು, ಅರ್ಥ ಬಂತು. ಮುಂದೆ ಕೈಟಭೇಶ್ವರ, ಕೇದಾರೇಶ್ವರ, ಪ್ರಣವೇಶ್ವರ ದೇವಾಲಯಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಗೆ ಬಂದವು. ಸುತ್ತ ಬೇಲಿ, ಹಸಿರು ಹಾಸು, ಕಾವಲು ಎಲ್ಲ ಆದವು.

ಇಲಾಖೆಯ ಪಟ್ಟಿಗೆ ಬಾರದ ಸಣ್ಣ ಗುಡಿಗಳಿಗೂ ಒಂದು ಕಾಲ ಬಂತು. ಕುಬಟೂರಿನಲ್ಲೇ ಹುಟ್ಟಿ ಬೆಳೆದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಆರಾಧನಾ ಯೋಜನೆಯಡಿ ಹಳ್ಳಿಗಳ ಪೂಜಾಸ್ಥಳಗಳ ದುರಸ್ತಿಗೆ ಹಣ ಕೊಟ್ಟರು. ಸಾಲುಮನೆಯ ಗುಡಿ, ಊರಮ್ಮನ ಗುಡಿಗಳ ಮಾಡು ಸರಿಹೋದದ್ದು ಆ ಕಾಲದಲ್ಲೇ. ಅವರ ಸರ್ಕಾರವೇ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಟ್ಟಿತು. ಒಂದೇ ಊರಿನ ಮಗ ಗುಡಿಯ ಮಾಡನ್ನೂ ಗದ್ದೆಯ ನೀರನ್ನೂ ಯೋಚಿಸಿದ್ದು ಈ ನೆಲದ ಹಳೆಯ ಕ್ರಮಕ್ಕೆ ಹೊಂದುವಂಥದ್ದೇ.

ಆದರೂ ಜೀರ್ಣೋದ್ಧಾರದಲ್ಲಿ ಬಿಟ್ಟುಹೋದದ್ದು ಬಹಳ. ದುರಸ್ತಿಯಾದ ಗುಡಿಯಲ್ಲಿ ಕಂಬ ಇದೆ, ಭಿತ್ತಿ ಇದೆ, ಫಲಕ ಇದೆ. ಅದರ ಬೆನ್ನಿಗಿದ್ದ ಕೆರೆಯಲ್ಲಿ ಹೂಳು ತುಂಬಿದೆ. ಅಚ್ಚುಕಟ್ಟಿನ ಗದ್ದೆಗಳಲ್ಲಿ ಭತ್ತದ ಬದಲು ಅಡಕೆ, ಶುಂಠಿ, ಬೆದ್ದಲಿನಲ್ಲಿ ಮೆಕ್ಕೆಜೋಳ. ರೈತನಿಗೆ ದುಡ್ಡು ಬೇಕು, ಅದನ್ನು ಯಾರೂ ತಪ್ಪು ಎನ್ನಲಾಗದು. ಆದರೆ ಕೂರಿಗೆಯಲ್ಲಿ ಭತ್ತ ಬಿತ್ತಿ, ಎಡೆಕುಂಟೆ ಹೊಡೆದು, ಕಣದಲ್ಲಿ ರೋಣಗಲ್ಲು ಎಳೆಸಿ, ರಾಶಿ ಪೂಜೆ ಮಾಡಿ, ಕಣಜ ತುಂಬಿಸಿದ ಇಡೀ ವಿದ್ಯೆ ಒಂದೇ ತಲೆಮಾರಿನಲ್ಲಿ ಕೈಬಿಟ್ಟುಹೋಗುತ್ತಿರುವುದನ್ನು ನೋಡಿಕೊಂಡು ಸುಮ್ಮನಿರಲೂ ಆಗದು.

ಕುಪ್ಪಳಿಯ ದಾರಿ

ಹಳೆಯ ಕಟ್ಟಡವನ್ನು ಉಳಿಸುವಾಗ ಅದರ ಬದುಕನ್ನೂ ಉಳಿಸಬಹುದು ಎಂದು ನಮ್ಮ ಜಿಲ್ಲೆಯಲ್ಲೇ ತೋರಿಸಿಕೊಟ್ಟಿರುವ ಜಾಗ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಮನೆಯಲ್ಲಿ. ಮಲೆನಾಡಿನ ದೊಡ್ಡ ತೊಟ್ಟಿಮನೆ ಅದು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ದಪ್ಪ ಮರದ ಕಂಬಗಳು, ಮೇಲೆ ಉಪ್ಪರಿಗೆ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಈ ಮನೆಯನ್ನು ಹಳೆಯ ರೂಪಕ್ಕೆ ತಂದು ಕವಿಮನೆಯಾಗಿ ಕಾಪಾಡಿಕೊಂಡು ಬಂದಿದೆ.

ಕವಿಮನೆಯ ಹೆಚ್ಚುಗಾರಿಕೆ ಇರುವುದು ಅಲ್ಲಿ ಕವಿಯ ಪುಸ್ತಕ, ಬಿರುದು, ಬಟ್ಟೆಬರೆಗಳ ಜೊತೆಗೆ ಒಂದು ಬೇಸಾಯದ ಮನೆತನದ ಬದುಕನ್ನೇ ಜೋಡಿಸಿಟ್ಟಿರುವುದರಲ್ಲಿ. ಉಳುಮೆಯ ಉಪಕರಣ, ಕಾಳು ಅಳೆಯುವ ಮಾಪು, ಅಡುಗೆಮನೆಯ ಪಾತ್ರೆ-ಪಡಗ, ಬೀಸುವ, ಕುಟ್ಟುವ, ಕಡೆಯುವ ಸಾಧನಗಳನ್ನು ನೋಡಿದ ಮೇಲೆ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳ ಮನೆವಾರ್ತೆ ಕಣ್ಣಿಗೆ ಕಟ್ಟುತ್ತದೆ. ಆ ಬರಹ ಹುಟ್ಟಿದ್ದು ಗದ್ದೆ, ತೋಟ, ಕೊಟ್ಟಿಗೆ, ಒಲೆಗಳ ನಡುವಿನಿಂದ ಎಂಬುದು ಯಾವ ಭಾಷಣದ ನೆರವಿಲ್ಲದೆ ಮನಸ್ಸಿಗೆ ಬರುತ್ತದೆ. 2015ರ ನವೆಂಬರ್‌ನಲ್ಲಿ ಕವಿಮನೆಯಲ್ಲಿ ಕಳ್ಳತನವಾಗಿ ಪದ್ಮ ಪದಕಗಳು ಹೋದಾಗ ನಾಡೇ ನೊಂದುಕೊಂಡಿತು. ಆದರೂ ಜನ ಕವಿಮನೆಗೆ ಬರುತ್ತಲೇ ಇದ್ದಾರೆ.

ದೂರದ ಸ್ವೀಡನ್ನಿನಲ್ಲಿ 1891ರಲ್ಲೇ ಆರ್ಟುರ್ ಹಾಸೇಲಿಯಸ್ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದು, ಹಳ್ಳಿಯ ರೈತರ ಮನೆಗಳನ್ನು ದನಕರುಗಳ ಸಮೇತ ಒಂದೆಡೆ ತಂದು ನಿಲ್ಲಿಸಿದ. ಇಂದಿಗೂ ಅಲ್ಲಿ ಹಳೆಯ ಕ್ರಮದ ಕೆಲಸಗಳನ್ನು ಮಾಡಿ ತೋರಿಸುತ್ತಾರೆ. ನಮ್ಮ ನಾಡಿನಲ್ಲೇ ಮಂಡ್ಯ ಜಿಲ್ಲೆಯ ಕಿರುಗಾವಲಿನ ಬಡಾಬಾಗ್ ಎಂಬ ಟಿಪ್ಪು ಕಾಲದ ಮಾವಿನ ತೋಪು ಸೈಯದ್ ಘನಿ ಖಾನ್ ಅವರ ಕೈಯಲ್ಲಿ ನೂರಾರು ದೇಸಿ ಭತ್ತದ ತಳಿಗಳ ತವರಾಗಿದೆ. ತೋಪು ಹಳೆಯದು, ಅದರೊಳಗಿನ ಕೆಲಸ ಪ್ರತಿವರ್ಷವೂ ಹೊಸದು. ಬೀಜವನ್ನು ಗಾಜಿನ ಬಾಟಲಿಯಲ್ಲಿಟ್ಟು ತೋರಿಸಿದರೆ ಅರ್ಧ ಕೆಲಸ; ವರ್ಷವೂ ಬಿತ್ತಿ ಬೆಳೆದರೆ ಪೂರ್ತಿ.

ಮನೆಗಳಲ್ಲಿ ಉಳಿದಿರುವುದು

ಮಠದ ಅಡುಗೆಮನೆ ಮುಚ್ಚಿ ಶತಮಾನಗಳಾದವು. ಆದರೆ ಸೊರಬ, ಸಾಗರ ಸೀಮೆಯ ರೈತರ ಮನೆಗಳಲ್ಲಿ ಅನ್ನದ ಪರಂಪರೆ ಗಟ್ಟಿಯಾಗಿಯೇ ಇದೆ. ಅದರ ಶಿಖರ ಭೂಮಿ ಹುಣ್ಣಿಮೆ. ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆಯಾಗಿ ತೆನೆ ಕಟ್ಟುವ ಕಾಲ. ಭೂಮಿತಾಯಿ ಗರ್ಭಿಣಿ, ಅವಳಿಗೆ ಸೀಮಂತ ಮಾಡಬೇಕು.

ದೀವರ ಮನೆಗಳಲ್ಲಿ ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಭೂಮಣ್ಣಿ ಬುಟ್ಟಿಯ ಕೆಲಸ ಶುರುವಾಗುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ ಬಣ್ಣ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿ ನಾರಿನ ಎಳೆ. ಅದನ್ನು ಬಣ್ಣದಲ್ಲಿ ಅದ್ದಿ, ಕೈ ನಡುಗದಂತೆ ಗೆರೆಯ ಪಕ್ಕ ಗೆರೆ ಎಳೆಯುತ್ತಾರೆ. ಭತ್ತದ ತೆನೆ, ಏಣಿ, ಜೋಗಿಜಡೆ, ಎತ್ತು ಒಂದೊಂದಾಗಿ ಬುಟ್ಟಿಯ ಸುತ್ತ ಮೂಡುತ್ತವೆ. ಗೋಡೆಯ ಮೇಲಿನ ಹಸೆ ಚಿತ್ತಾರದ ಕೈಯೇ ಇಲ್ಲಿ ಬುಟ್ಟಿಯ ಮೇಲೆ ಆಡುತ್ತದೆ. ಬರೆಯುವ ಬಣ್ಣವೂ ಅಕ್ಕಿ, ಬರೆದ ಚಿತ್ರವೂ ಭತ್ತ, ಬುಟ್ಟಿ ಹೊರುವುದೂ ಅನ್ನವನ್ನೇ.

ಹುಣ್ಣಿಮೆಯ ರಾತ್ರಿ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಕಡುಬು, ಬಗೆಬಗೆಯ ಪಲ್ಯ, ಕಾಡಿನಿಂದಲೂ ಬದುವಿನಿಂದಲೂ ಕಿತ್ತು ತಂದ ಹತ್ತಾರು ತರದ ಸೊಪ್ಪು ಬೆರೆಸಿ ಬೇಯಿಸಿದ ಚರಗ. ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ಅದನ್ನು ಹೊತ್ತು ಗದ್ದೆಗೆ ಹೋಗಿ, ತಲೆತಲಾಂತರದ ಸೊಲ್ಲನ್ನು ಕೂಗುತ್ತ ಪೈರಿನ ಮೇಲೆ ಬೀರುತ್ತಾನೆ. ಆಮೇಲೆ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಬಂದು ಪೈರಿಗೆ ಪೂಜೆ ಮಾಡುತ್ತಾರೆ. ಕಾಗೆಗೆ, ಇಲಿಗೆ ಅಂತ ಎಡೆ ತೆಗೆದಿಡುತ್ತಾರೆ. ಒಂದು ಕಡುಬನ್ನು ಗದ್ದೆಯಲ್ಲೇ ಹೂಳಿ, ಕೊಯ್ಲಿನ ಹೊತ್ತಿಗೆ ತೆಗೆಯುವ ಪದ್ಧತಿಯೂ ಇದೆ. ಎಲ್ಲರೂ ಅಲ್ಲೇ ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಸಕಲ ಜೀವಿಗಳಿಗೂ ಅಭಯವೆಂದು ಕೋಡಿಯಮಠದ ಶಾಸನ ಹೇಳಿದ್ದನ್ನು ಅಕ್ಷರ ಕಲಿಯಲು ಅವಕಾಶವಿಲ್ಲದಿದ್ದ ಮನೆತನಗಳು ಇಲಿಗೂ ಎಡೆಯಿಟ್ಟು ನಡೆಸಿಕೊಂಡು ಬಂದಿವೆ.

ಬೇಸಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಊರೊಟ್ಟಿಗೆ ಮೀನು ಹಿಡಿಯುವ ಕೆರೆಬೇಟೆ. ದಿನ ಗೊತ್ತುಮಾಡಿ ಸುತ್ತಲ ಹಳ್ಳಿಗಳಿಗೆ ತಿಳಿಸುತ್ತಾರೆ. ಬಿದಿರಿನ ಕೂಣಿ ಹಿಡಿದು ನೂರಾರು ಜನ ಏರಿಯ ಮೇಲೆ ಸಾಲುಗಟ್ಟಿ ನಿಂತು, ಸೂಚನೆ ಸಿಕ್ಕಿದೊಡನೆ ಒಟ್ಟಿಗೇ ಇಳಿಯುತ್ತಾರೆ. ಅದರಿಂದ ಕೂಡಿದ ಹಣ ಊರಿನ ಕೆಲಸಕ್ಕೆ ಹೋಗುತ್ತದೆ. ಕೆರೆ ಊರಿನದು, ಮೀನೂ ಊರಿನದು ಎಂಬ ನ್ಯಾಯ ಇಲ್ಲಿ ಇನ್ನೂ ಜೀವಂತ.

ಬೀಜದ ವಿಚಾರದಲ್ಲೂ ಈ ಸೀಮೆ ಬಡವಲ್ಲ. ವರದೆಯ ದಂಡೆಯ ಗದ್ದೆಗಳು ಮಳೆಗಾಲದಲ್ಲಿ ದಿನಗಟ್ಟಲೆ ನೆರೆಯಲ್ಲಿ ಮುಳುಗುತ್ತವೆ. ಅಲ್ಲಿಗೆ ಹೊಸ ತಳಿಗಳು ತಾಳುವುದಿಲ್ಲ. ನೆರೆಗುಳಿ, ಏಡಿಕುಣಿಯಂಥ ಹಳೆಯ ಭತ್ತಗಳು ನೀರು ಇಳಿದ ಮೇಲೆ ಮತ್ತೆ ಚಿಗುರುತ್ತವೆ. ಸಹಜ ಸಮೃದ್ಧದಂಥ ಸಂಘಟನೆಗಳು ಇಂಥ ತಳಿಗಳ ಮಹತ್ವವನ್ನು ನಾಡಿಗೆ ತಿಳಿಸಿವೆ. ನೆರೆಯ ಶಿರಸಿಯಲ್ಲಿ 2001ರಲ್ಲಿ ಶುರುವಾದ ವನಸ್ತ್ರೀ ಬಳಗದ ಹೆಂಗಸರು ಹಿತ್ತಲ ತರಕಾರಿಯ ಬೀಜಗಳನ್ನು ಕಾದು, ಮಲೆನಾಡು ಮೇಳದಲ್ಲಿ ಹಂಚುತ್ತ ಬಂದಿದ್ದಾರೆ. 2009ರ ಹೊತ್ತಿಗೆ ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿತು. ಕಳಲೆ ಪಲ್ಯ, ಕೆಸುವಿನ ಪತ್ರೊಡೆ, ತಂಬುಳಿ, ಆಲೆಮನೆಯ ಜೋನಿಬೆಲ್ಲ, ಆನವಟ್ಟಿ ಕಡೆಯ ಜೋಳದ ರೊಟ್ಟಿ, ಸೊರಬ ಕಡೆಯ ಅಕ್ಕಿ ರೊಟ್ಟಿ ಇವು ಒಂದೇ ತಾಲ್ಲೂಕಿನಲ್ಲಿ ಮಲೆನಾಡು, ಬಯಲುಸೀಮೆ ಎರಡನ್ನೂ ಉಣಿಸುತ್ತವೆ.

ಇನ್ನು ಆಗಬೇಕಾದ ಕೆಲಸ

ಸಂರಕ್ಷಿತ ಸ್ಮಾರಕದೊಳಗೆ ಅಪ್ಪಣೆಯಿಲ್ಲದೆ ಒಲೆ ಹೂಡುವಂತಿಲ್ಲ. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಇದು ಸರಿಯಾದ ಕಟ್ಟುಪಾಡು; ಕಲ್ಲಿಗೆ ಹೊಗೆ ಹಿಡಿಯಬಾರದು. ಆದ್ದರಿಂದ ಅನ್ನದ ಕೆಲಸವನ್ನು ಗುಡಿಯ ಒಳಗೆ ತುರುಕುವ ಅಗತ್ಯವಿಲ್ಲ. ಊರಿನಲ್ಲೇ ಬೀಗ ಬಿದ್ದಿರುವ ಹಳೆಯ ಅಂಕಣದ ಮನೆಗಳಿವೆ. ಮಾಲೀಕರ ಒಪ್ಪಿಗೆಯಿಂದ ಅಂಥ ಒಂದು ಮನೆಯನ್ನು ಮಣ್ಣಿನ ಗೋಡೆ, ನಾಡಹಂಚು, ಮರದ ಕಂಬಗಳ ಸಮೇತ ಸರಿಪಡಿಸಿ ಕುಬಟೂರಿನ ಕಣಜವಾಗಿ ಮಾಡಬಹುದು.

ಅಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ನಡುಮನೆಯಲ್ಲಿ ಕುಪ್ಪಟೂರಿನ ಶಾಸನಗಳ ಸರಳ ಕನ್ನಡ ಪಾಠ, ಯಾವ ದಾನದ ಭೂಮಿ ಇಂದಿನ ಯಾವ ಊರಿನದೆಂಬ ನಕ್ಷೆ. ಕೋಣೆಯಲ್ಲಿ ಈ ಸೀಮೆಯ ಭತ್ತದ ಬೀಜ; ಒಯ್ದವರು ಮರುವರ್ಷ ಅದಕ್ಕಿಂತ ಹೆಚ್ಚು ತಂದು ಕೊಡಬೇಕೆಂಬ ಕಟ್ಟಳೆ. ಜಗಲಿಯಲ್ಲಿ ಕೂರಿಗೆ, ಕುಂಟೆ, ಕೊಳಗ. ಅವನ್ನು ಹಿಡಿದು ಕಲಿಸಬಲ್ಲ ಹಿರಿಯರಿಗೆ ಸಂಭಾವನೆ. ಅಡುಗೆಮನೆಯಲ್ಲಿ ಶಾಲೆಯ ಮಕ್ಕಳಿಗೆ ಸೊಪ್ಪಿನ ಪರಿಚಯ ಮಾಡಿಸುವ ತಾಯಂದಿರು. ಚಿತ್ತಾರ ಬರೆಯುವ ಹೆಣ್ಣುಮಕ್ಕಳಿಗೆ ಅವರ ಕೆಲಸಕ್ಕೆ ತಕ್ಕ ಕೂಲಿ, ಅವರ ಹೆಸರಿನಲ್ಲೇ ಪ್ರದರ್ಶನ. ಗುಡಿ ನೋಡಲು ಬಂದವರಿಗೆ ಊರಿನ ಅಕ್ಕಿಯ ಊಟ. ಅದರಿಂದ ಬಂದ ಆದಾಯದ ಒಂದು ಪಾಲು ಕೆರೆಯ ಹೂಳು ತೆಗೆಯಲು ಮೀಸಲು. ಬಿತ್ತುವಟ್ಟದ ಹಳೆಯ ಕಟ್ಟಳೆಯನ್ನು ಇಂದಿನ ಲೆಕ್ಕದ ಪುಸ್ತಕಕ್ಕೆ ಏರಿಸುವುದಷ್ಟೇ ಇಲ್ಲಿ ಮಾಡಬೇಕಾದ ಕೆಲಸ.

ಇದನ್ನು ನಡೆಸಲು ಬೇಕಾದವರೆಲ್ಲ ನಮ್ಮ ನಡುವೆಯೇ ಇದ್ದಾರೆ. ಶಾಸನ ಓದುವ ಅಧ್ಯಾಪಕರಿದ್ದಾರೆ, ಬೀಜ ಕಾದ ರೈತರಿದ್ದಾರೆ, ಬುಟ್ಟಿ ಬರೆಯುವ ಅಜ್ಜಿಯರಿದ್ದಾರೆ, ಕೃಷಿ ವಿಶ್ವವಿದ್ಯಾಲಯ ಜಿಲ್ಲೆಯಲ್ಲೇ ಇದೆ. ಗ್ರಾಮ ಪಂಚಾಯಿತಿ, ಶಾಲೆ, ಮಹಿಳಾ ಸಂಘ ಮೂರೂ ಒಟ್ಟಿಗೆ ಕೂತು ಒಂದು ಮನೆ, ಒಂದು ಕೆರೆ, ಒಂದು ತುಂಡು ಗದ್ದೆಯನ್ನು ಗೊತ್ತುಮಾಡಿದರೆ ಮೊದಲ ಹಂಗಾಮಿಗೇ ಕೆಲಸ ಶುರುವಾಗುತ್ತದೆ. ಗುಡಿ ಕಟ್ಟುವ ಮೊದಲು ಅದರ ಗದ್ದೆಯನ್ನು ಯೋಚಿಸಿದ ಹಿರಿಯರ ಊರು ಇದು. ಗುಡಿಯನ್ನು ಉಳಿಸಿಕೊಂಡ ನಾವು ಈಗ ಅದರ ಗದ್ದೆಯನ್ನೂ ಪಂಕ್ತಿಯನ್ನೂ ಉಳಿಸಿಕೊಳ್ಳುವುದು ಅವರಿಗೆ ಸಲ್ಲಬೇಕಾದ ಬಾಕಿ. ಈ ಲೇಖನವನ್ನು ಓದಿದ ಪ್ರತಿ ಮನೆಯೂ ಆ ಬಾಕಿಯಲ್ಲಿ ಒಂದು ಕೊಳಗವನ್ನಾದರೂ ತೀರಿಸಲಿ ಎಂಬುದು ನನ್ನ ಕೋರಿಕೆ.